ಮಣ್ಣೂರಿನ ಮೊಣಕಾಲ ಹಲಗೆ

ಮಣ್ಣೂರಿನ ಶರಫುದ್ದೀನ ಮುತ್ಯಾನ ಬಗ್ಗೆ ಊರಲ್ಲಿ ಒಂದು ಮಾತಿದೆ. ಅವನು ನಮಾಜು ಅರಬ್ಬಿಯಲ್ಲಿ ಮಾಡುತ್ತಾನೆ, ಜಗಳ ಉರ್ದುವಿನಲ್ಲಿ ಆಡುತ್ತಾನೆ, ಸುಳ್ಳು ಮಾತ್ರ ಕನ್ನಡದಲ್ಲಿ ಹೇಳುತ್ತಾನೆ. ಕೇಳುವ ಮಂದಿ ಜಾಸ್ತಿ ಸಿಗಲಿ ಅಂತ.

ಅವನ ಸುಳ್ಳುಗಳೆಲ್ಲ ಭೀಮಾ ಹೊಳೆಯವೇ. ನಿಜಾಮನ ಕಾಲದ ತಹಸೀಲ್ದಾರನೊಬ್ಬನನ್ನು ಅವನ ಅಜ್ಜ ತುಂಬಿದ ಹೊಳೆಯಲ್ಲಿ ಹಲಗೆಯ ಮೇಲೆ ಕೂರಿಸಿಕೊಂಡು ದಾಟಿಸಿದಾಗ, ಆಚೆ ದಂಡೆ ಮುಟ್ಟಿದರೂ ಆ ಸಾಹೇಬನಿಗೆ ಎಚ್ಚರವಾಗಲಿಲ್ಲವಂತೆ. ಎಬ್ಬಿಸಲು ಮನಸ್ಸಾಗದೆ ಅಜ್ಜ ಅವನನ್ನು ಹಾಗೇ ಈಚೆ ದಂಡೆಗೆ ವಾಪಸು ತಂದನಂತೆ. ಕಣ್ಣುಬಿಟ್ಟ ತಹಸೀಲ್ದಾರ, ಇನ್ನೂ ಹೊರಟೇ ಇಲ್ಲವೇನೋ ಎಂದು ಬೈದನಂತೆ. ಇನ್ನೊಮ್ಮೆ ಮೊಸಳೆಯೊಂದು ಅಂಗಳಕ್ಕೇ ಬಂದು, ಈಸಿ ಈಸಿ ಸಾಕಾಗಿದೆ, ನನಗೂ ಒಂದು ಹಲಗೆ ಮಾಡಿಕೊಡು ಎಂದಿತಂತೆ. ಮಾಡಿಕೊಟ್ಟಿರೇನು ಎಂದು ಯಾರಾದರೂ ಕೇಳಿದರೆ ಮುತ್ಯಾನ ಉತ್ತರ ಸಿದ್ಧವಿರುತ್ತದೆ.

"ಅದರ ಮೊಣಕಾಲ ಎಲ್ಲದಾವ ಅಂತ ನಾ ಹುಡುಕಾಕತ್ತಿದ್ದೆ. ಅಷ್ಟರಾಗ ಅದು ನನ್ನ ಕಾಲ ಹುಡುಕಾಕ ಸುರು ಮಾಡ್ತು."

ಇಷ್ಟೆಲ್ಲ ಸುಳ್ಳಿನ ನಡುವೆ ಹಲಗೆ ಮಾತ್ರ ಖರೆ. ಆಳುದ್ದದ ಹಲಗೆ ಅದು. ಹಾಲವಾಣದ ಹಗುರ ಮರದ್ದು, ಮೂಗು ತುಸು ಮೇಲಕ್ಕೆತ್ತಿದ್ದು, ಅಗಸಿ ಎಣ್ಣೆ ಕುಡಿಸಿ ಕುಡಿಸಿ ಕಪ್ಪಾದದ್ದು. ನಟ್ಟನಡುವೆ ಎರಡು ಗುಂಡಿ. ಆ ಗುಂಡಿಗಳಲ್ಲಿ ಮೊಣಕಾಲೂರಿ, ಹಿಮ್ಮಡಿಯ ಮೇಲೆ ಕೂತು, ಅಂಗೈಯಿಂದ ನೀರು ತಳ್ಳುತ್ತ ಹೊಳೆ ದಾಟುವುದು. ಸೇತುವೆ ಬರುವ ಮೊದಲು ಹಾಲು ಮಾರುವವರು, ಟಪಾಲಿನವರು, ಆಚೆ ದಂಡೆಗೆ ಹೆಣ್ಣು ಕೊಟ್ಟವರು ಎಲ್ಲರೂ ಇದೇ ಹಲಗೆಯ ಮೇಲೆ ಹೋಗಿ ಬಂದವರು. ಹಲಗೆ ಮಾಡುವ ಮನೆ ಊರಲ್ಲಿ ಒಂದೇ. ಈಗ ಆ ಮನೆಯಲ್ಲಿ ಕಸುಬು ಬಲ್ಲವನೂ ಒಬ್ಬನೇ.

ಆ ಕಸುಬಿಗೆ ಒಂದು ಪದ್ಧತಿಯಿತ್ತು. ಹಲಗೆ ಬೇಕಾದವನು ಸಂಜೆ ಹೊಳೆದಂಡೆಗೆ ಬಂದು ನೀರು ಬಿಟ್ಟುಹೋದ ಹಸಿ ರೇವೆಮಣ್ಣಿನಲ್ಲಿ ಮೊಣಕಾಲೂರಿ ಕೂರಬೇಕು. ಅವನೆದ್ದ ಮೇಲೆ ಮುತ್ಯಾ ಆ ಗುರುತಿನೊಳಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಭಾರ ಎಲ್ಲಿ ಬಿದ್ದಿದೆ ಎಂದು ನೋಡುತ್ತಿದ್ದ. ಯಾರೂ ಎರಡೂ ಮೊಣಕಾಲಿನ ಮೇಲೆ ಸಮ ಕೂರುವುದಿಲ್ಲ. ಒಬ್ಬ ಬಲಕ್ಕೆ ವಾಲುತ್ತಾನೆ, ಇನ್ನೊಬ್ಬ ಹಿಂದಕ್ಕೆ ಜಗ್ಗುತ್ತಾನೆ. ನಡುನೀರಿನಲ್ಲಿ ಹಲಗೆ ಗಿರ್ರನೆ ತಿರುಗುವುದು ಅದರಿಂದಲೇ. ಆ ವಾಲನ್ನು ಗುಂಡಿಯ ಆಳದಲ್ಲಿ ತಿದ್ದಬೇಕು. ಮಣ್ಣು ಒಣಗುವ ಮೊದಲೇ, ಗುರುತಿನ ಪಕ್ಕದಲ್ಲೇ ಹಲಗೆ ಇಟ್ಟುಕೊಂಡು ಬಾಚಿಯಿಂದ ಕೆತ್ತಬೇಕು.

ಸೇತುವೆಯಾಯಿತು. ಹಲಗೆಗಳು ಗೋಡೆ ಸೇರಿದವು. ಮುತ್ಯಾನ ಹೆಂಡತಿ ಕುಲಸುಮಬಿ ಒಂದರ ಮೇಲೆ ಸಂಡಿಗೆ ಒಣಹಾಕುತ್ತಾಳೆ. ಮಗ ಆಫ್ತಾಬ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನಿಗೆ ನೀರೆಂದರೆ ರೇಡಿಯೇಟರಿಗೆ ಹಾಕುವುದು. ಸೊಸೆ ತಸ್ಲೀಮ ಆಳಂದದ ಹುಡುಗಿ. ಹಿತ್ತಲ ಶೆಡ್ಡಿನಲ್ಲಿ ಕಾಯಿಸಿದ ತಂತಿಯಿಂದ ಥರ್ಮಾಕೋಲ್ ಕತ್ತರಿಸಿ ಮದುವೆ ಸ್ಟೇಜಿಗೆ ನವಿಲು, ಕಮಲ, ಮದುಮಕ್ಕಳ ಹೆಸರು ಮಾಡುತ್ತಾಳೆ. ಜೇವರ್ಗಿಯ ತನಕ ಅವಳ ನವಿಲಿಗೆ ಗಿರಾಕಿಗಳಿದ್ದಾರೆ. ಮುತ್ಯಾನಿಗೆ ಮಾತ್ರ ಆ ಬಿಳಿ ಪುಡಿ ಕಂಡರಾಗದು.

"ಫೂ ಅಂದ್ರ ಹಾರಿಹೋಗ್ತದ. ಅದೂ ಒಂದು ಕಸುಬೇನು?" ಎನ್ನುತ್ತಿದ್ದ.

"ನಿಮ್ಮ ಸುಳ್ಳಿಗಿಂತ ಭಾರ ಅದರಿ ಅಬ್ಬಾ," ಎಂದು ಶೆಡ್ಡಿನೊಳಗಿಂದ ಉತ್ತರ ಬರುತ್ತಿತ್ತು.

ಅಷ್ಟರಲ್ಲಿ ಮುತ್ಯಾನ ಮೊಣಕಾಲೂ ಕೈಕೊಟ್ಟವು. ಇನ್ನು ನೆಲಕ್ಕೆ ಮೊಣಕಾಲೂರಬೇಡ ಎಂದು ಅಫಜಲಪುರದ ಡಾಕ್ಟರು ಹೇಳಿದಂದಿನಿಂದ ಅವನ ನಮಾಜು ಪ್ಲಾಸ್ಟಿಕ್ ಕುರ್ಚಿಯ ಮೇಲಾಯಿತು. "ದೇವರ ದರಬಾರಿನ್ಯಾಗ ನನಗ ಕುರ್ಚಿ ಕೊಟ್ಟಾರಲೇ," ಎಂದು ನಗುತ್ತಿದ್ದ. ಆದರೆ ಕುರ್ಚಿಯಿಂದ ನೆಲ ಬಹಳ ದೂರ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಅತನೂರಿನ ಬಸವಂತರಾಯರ ಮೊಮ್ಮಗಳು ವಿಜಯಶ್ರೀ ಅವನನ್ನು ಹುಡುಕಿಕೊಂಡು ಬಂದಳು. ಕಾರವಾರದ ಕಡೆ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಕೆಲಸ ಮುಗಿದರೆ ಸಮುದ್ರ. ಅಂಗಳದ ಹೊರಸಿನ ಮೇಲೆ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಎದ್ದುಬಂದ ತೆರೆಯ ಹೊಟ್ಟೆಯಲ್ಲಿ ಗಿಡ್ಡ ಹಲಗೆಯೊಂದು ಸರ್ರನೆ ಜಾರುತ್ತಿತ್ತು. ಅದರ ಮೇಲೆ, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರು ಸಿಗಿಸಿಕೊಂಡು, ಹಿಮ್ಮಡಿಯ ಮೇಲೆ ಕೂತಿದ್ದವಳು ಈ ಹುಡುಗಿಯೇ.

ಮುತ್ಯಾ ಕನ್ನಡಕ ಸರಿಮಾಡಿಕೊಂಡು ನೋಡಿದ. ಮೊಣಕಾಲೂರಿ ಕೂತಿದ್ದ ಆ ಭಂಗಿ ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಹೊಳೆಯಲ್ಲೂ ಅದೇ, ಮಸೀದಿಯಲ್ಲೂ ಅದೇ.

"ಎಲ್ಲಿಗಿ ಹೊಂಟೀಬೇ ಇಷ್ಟು ಅವಸರದಾಗ?"

"ಎಲ್ಲಿಗೂ ಇಲ್ಲ ಮುತ್ಯಾ. ದಂಡಿಗಿ ಬರೂದು, ಮತ್ತ ಒಳಗ ಹೋಗೂದು, ಮತ್ತ ಬರೂದು."

"ಅಂದ್ರ ಆಚಿ ದಂಡ್ಯಾಗ ಬೀಗರಿಲ್ಲೇನು?"

"ಆಚಿ ದಂಡಿನೇ ಕಾಣಂಗಿಲ್ಲರಿ."

ಮುತ್ಯಾನಿಗೆ ಇದು ತನ್ನ ಸುಳ್ಳಿಗಿಂತ ದೊಡ್ಡದಾಗಿ ಕಂಡಿತು. ಹುಡುಗಿ ತನ್ನ ಫಜೀತಿ ಹೇಳಿದಳು. ಅಲ್ಲಿ ಎಲ್ಲರೂ ಹಲಗೆಯ ಮೇಲೆ ನಿಂತೇ ಆಡುತ್ತಾರೆ. ಮೊಣಕಾಲೂರಿ ಆಡುವವರು ಬೆರಳೆಣಿಕೆ. ಅವರಿಗೆ ಹಲಗೆ ಮಾಡಿಕೊಡುತ್ತಿದ್ದ ಒಬ್ಬನು ಈಗ ಮೀನು ದೋಣಿಗಳ ರಿಪೇರಿಗೆ ಹೋಗಿದ್ದಾನೆ. ನಿಂತು ಆಡುವ ಹಲಗೆ ಅಂಗಡಿಯಲ್ಲಿ ಸಿಗುತ್ತದೆ, ಇವರದು ಸಿಗದು. ಅವಳ ಹಲಗೆ ಮುರಿದು ಮೂಲೆ ಸೇರಿದೆ.

"ಎಲ್ಲಾರೂ ನಿಂತ ಮ್ಯಾಲ ನೀನೂ ನಿಂದ್ರಬೇಕವ್ವ. ಮೊಣಕಾಲ ಯಾಕ ಊರ್ತಿ?"

ವಿಜಯಶ್ರೀ ನಿಂತುಹೋಗಿದ್ದ ವಿಡಿಯೋವನ್ನು ಮತ್ತೆ ಓಡಿಸಿದಳು. "ನಿಂತ್ರ ತೆರಿ ಕಾಲಾಗ ಇರ್ತದರಿ. ಮೊಣಕಾಲ ಊರಿದ್ರ ಮಾರಿ ಮುಂದ ಇರ್ತದ. ನಮ್ಮ ಮುತ್ಯಾ ನಿಮ್ಮ ಹಲಗಿ ಮ್ಯಾಲ ಹೊಳಿ ದಾಟಿದ್ದು ಹೇಳ್ತಿದ್ದ. ಅದು ನೆನಪಾಗಿ ಬಂದೆ."

ಅಂದು ಮುತ್ಯಾ ಅಟ್ಟದಿಂದ ಅಚ್ಚು ಇಳಿಸಿದ. ಹಲಗೆಯ ಗೆರೆ ಎಳೆಯಲು ಅವನ ಅಜ್ಜ ಮಾಡಿದ ಮರದ ಅಚ್ಚು ಅದು. ಈ ಮನೆಯ ಹಲಗೆಗಳೆಲ್ಲ ಅದರ ಗೆರೆಯಲ್ಲೇ ಹುಟ್ಟಿದವು. ಕುಲಸುಮಬಿ ಅದನ್ನು ಬಚ್ಚಲ ಒಲೆಗೆ ಕೊಡಿ ಎಂದು ವರ್ಷಗಟ್ಟಲೆ ಕೇಳಿ ಕೇಳಿ ಸುಮ್ಮನಾಗಿದ್ದಳು.

"ಕೇಳು," ಎಂದ ಹೆಂಡತಿಗೆ. "ಈ ಹುಡುಗಿ ಹಲಗಿ ಸಮುದ್ರದಾಗ ಓಡಿದ್ರ ಅಚ್ಚು ಉಳೀತದ, ಕಲಿಯಾಕ ಯಾರರ ಬರ್ತಾರ. ಓಡಲಿಲ್ಲಂದ್ರ ನನ್ನ ಕೈಯಾರೆ ನಿನ್ನ ಒಲಿಗಿ ಹಾಕ್ತೇನಿ."

"ನೀರ ಕಾಯೂದೊಂದು ಗ್ಯಾರಂಟಿ ಆತು," ಎಂದಳು ಕುಲಸುಮಬಿ.

ಅಳತೆ ತೆಗೆಯಲು ಹೊಳೆಗೆ ಹೋದರೆ ರೇವೆಯೇ ಇಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾಗಿ, ಬಿಟ್ಟ ನೀರು ದಂಡೆಯ ಜಾಲಿಗಿಡದ ತನಕ ಬಂದಿತ್ತು. ಹುಡುಗಿಗೆ ಮರುದಿನವೇ ಡ್ಯೂಟಿ. ಆಗ ದಾರಿ ತೋರಿಸಿದವನು ಗೆಳೆಯ ಗುರುಶಾಂತ. ಅವನ ಕಬ್ಬಿನ ಹೊಲಕ್ಕೆ ಆಗಷ್ಟೇ ನೀರು ಹಾಯಿಸಿದ್ದರು.

"ಮಣ್ಣು ಮಣ್ಣೇ ಅಲ್ಲೇನಲೇ ಶರಫು? ನಮ್ಮ ಎರಿಹೊಲದಾಗ ಕೂಡಸು."

ವಿಜಯಶ್ರೀ ಬದುವಿನ ಪಕ್ಕ ಕಪ್ಪು ಎರೆಮಣ್ಣಿನಲ್ಲಿ ಮೊಣಕಾಲೂರಿದಳು, ಎದ್ದಳು, ಕಾಲು ತೊಳೆದುಕೊಂಡು ಬಸ್ಸು ಹತ್ತಿದಳು. ಹಾಲವಾಣದ ತುಂಡು ಇನ್ನೂ ಅಟ್ಟದಲ್ಲೇ ಇತ್ತು. ಅದನ್ನು ಇಳಿಸಿ, ಸೀಳಿ, ರಂಧ ಹೊಡೆದು ನಯಮಾಡುವ ತನಕ ಗುರುತು ಉಳಿಯಬೇಕಲ್ಲ? ಎರೆಮಣ್ಣಿನ ಜನಕ್ಕೆ ಇರುವುದು ಒಂದೇ ಭಯ, ಬಿರುಕಿನದು. ಬಿಸಿಲು ಬಿದ್ದರೆ ಕೋಳಿಮರಿ ಬೀಳುವಷ್ಟು ಬಾಯಿ ಬಿಡುವ ಮಣ್ಣದು. ಮುದುಕರಿಬ್ಬರೂ ಗುರುತಿನ ಮೇಲೆ ಗೋಣಿತಟ್ಟು ಹೊದಿಸಿದರು. ಮುಂಜಾನೆ ಮುತ್ಯಾ ನೀರು ಚಿಮುಕಿಸಿದ. ಅವನು ಮರೆತಿರಬಹುದೆಂದು ಗುರುಶಾಂತ ಸಂಜೆ ಚಿಮುಕಿಸಿದ. ಕೂಸಿಗೂ ಅಷ್ಟು ಆರೈಕೆ ಮಾಡಿದವರಲ್ಲ ಅವರು.

ಹಲಗೆ ಸಿದ್ಧವಾದ ದಿನ ಊರ ಮಂದಿ ಅಂಗಳಕ್ಕೆ ಬಂದು ನೋಡಿಹೋದರು. ಅಗಸಿ ಎಣ್ಣೆಯ ವಾಸನೆ ಓಣಿಯ ತಿರುವಿನ ತನಕ ಹೋಗುತ್ತಿತ್ತು. ಆಫ್ತಾಬ ಅದನ್ನು ಬಸ್ಸಿನ ಟಾಪಿಗೆ ಕಟ್ಟಿ ಕಳಿಸಿದ. ಚಾದಂಗಡಿಯಲ್ಲಿ ಮುತ್ಯಾ ಹೊಸ ಕತೆ ಸುರು ಮಾಡಿದ್ದ. ಮೊಸಳೆಗಳೆಲ್ಲ ಭೀಮೆಯಿಂದ ಕೃಷ್ಣೆಗೆ, ಕೃಷ್ಣೆಯಿಂದ ಸಮುದ್ರಕ್ಕೆ ಹೊರಟಿವೆ, ಹಲಗೆ ನೋಡಲು.

ಫೋನು ಬಂತು.

"ಮುತ್ಯಾ, ಖರೇ ಹೇಳ್ಲಾ, ಸುಳ್ಳ ಹೇಳ್ಲಾ?" ಎಂದಳು ವಿಜಯಶ್ರೀ.

"ಸುಳ್ಳಿಗಿ ನಾ ಇದ್ದೇನಿ. ನೀ ಖರೇ ಹೇಳು."

"ಭಾಳ ಛಂದ ತೇಲ್ತದರಿ. ನೋಡಿದವ್ರೆಲ್ಲ ಮುಟ್ಟಿ ಮುಟ್ಟಿ ನೋಡ್ಯಾರ. ಆದ್ರ ಭಾರ ಅದ. ತೆರಿ ಬಂದಾಗ ಎಮ್ಮಿ ಎದ್ದಂಗ ಏಳ್ತದ. ಅಷ್ಟರಾಗ ತೆರಿ ಹೋಗಿರ್ತದ. ಮತ್ತ..."

"ಮತ್ತೇನು? ಹೇಳು."

"ಗುಂಡಿ ಸಣ್ಣು ಆಗ್ಯಾವರಿ. ಮೊಣಕಾಲ ಕೂಡವಲ್ಲವು."

ಭಾರದ ಮಾತು ಮುತ್ಯಾನಿಗೆ ಅಷ್ಟು ತಾಗಲಿಲ್ಲ. ಸಮುದ್ರದ ಸಂಗತಿ ಅವನೇನು ಬಲ್ಲ? ಆದರೆ ಗುಂಡಿ! ಅವನ ಕೈಯ ಗುಂಡಿ ಯಾರಿಗೂ ಕೂಡದೆ ಹೋದದ್ದಿಲ್ಲ. ಫೋನು ಕೆಳಗಿಟ್ಟು ಅಂಗೈ ತಿರುಗಿಸಿ ನೋಡಿಕೊಂಡ. ಕಣ್ಣು ಮಂಜಾದಂತೆ ಇದೂ ಮಂಜಾಯಿತೇನೋ. ಎದ್ದು ಹೋಗಿ ಅಚ್ಚು ತಂದು ಬಚ್ಚಲ ಒಲೆಯ ಪಕ್ಕ ಒರಗಿಸಿದ. ಆ ವಾರ ಚಾದಂಗಡಿಯಲ್ಲಿ ಅವನು ಒಂದೂ ಸುಳ್ಳು ಹೇಳಲಿಲ್ಲ. ಗುರುಶಾಂತನಿಗೆ ಗಾಬರಿಯಾಗಿ, ಡಾಕ್ಟರಿಗೆ ತೋರಿಸುವುದು ಒಳ್ಳೆಯದು ಎಂದು ಕುಲಸುಮಬಿಗೆ ಹೇಳಿ ಹೋದ.

ಅಷ್ಟು ವರ್ಷ ಆ ಅಚ್ಚು ಕೇಳಿದ್ದ ಕುಲಸುಮಬಿ ಈಗ ಅದನ್ನು ಮುಟ್ಟಲಿಲ್ಲ. ದಿನಾ ತೊಗರಿ ಕಟ್ಟಿಗೆಯನ್ನೇ ಮುರಿದು ಹಾಕಿದಳು. ಯಾಕೆಂದು ಮುತ್ಯಾ ಕೇಳಿದರೆ, "ಹಸಿ ಅದ, ಹೊಗಿ ಆಗ್ತದ," ಎಂದಳು. ಅವನ ಅಜ್ಜನ ಕಾಲದ ಕಟ್ಟಿಗೆ ಇನ್ನೂ ಹಸಿ ಇದೆಯಂತೆ! ಸುಳ್ಳಿನಲ್ಲಿ ಹೆಂಡತಿಯೂ ಪಳಗಿದಳು ಎಂದುಕೊಂಡ ಮುತ್ಯಾ, ಆದರೆ ನಗಲಿಲ್ಲ.

ಒಂದು ಮುಂಜಾನೆ ಬಚ್ಚಲ ಕಡೆ ಬಂದ ತಸ್ಲೀಮ ಅಚ್ಚಿನ ಮುಂದೆ ನಿಂತಳು.

"ಅಬ್ಬಾ, ಆ ಗುರುತು ಹೊಲದಾಗ ಹ್ಯಾಂಗ ಇಟ್ಟಿದ್ರಿ?"

"ಹ್ಯಾಂಗ ಅಂದ್ರ? ತಟ್ಟು ಹೊಚ್ಚಿ, ನೀರ ಹಾಕಿ."

"ದಿನಾ?"

"ಎರಡೂ ಹೊತ್ತು. ಒಂದು ಬಿರುಕ ಬಿಡಲಿಲ್ಲ ನೋಡು," ಎಂದ ಮುತ್ಯಾ ಸ್ವಲ್ಪ ಹೆಮ್ಮೆಯಿಂದಲೇ.

ಒಲೆಯ ಮುಂದಿದ್ದ ಕುಲಸುಮಬಿ ತಿರುಗಿ ನೋಡಿದಳು. "ಎರಿಮಣ್ಣಿಗಿ ದಿನಾ ನೀರ ಹಾಕಿದ್ರಿ? ಆಫ್ತಾಬನ ಅಬ್ಬಾ, ನೆನಿ ಹಾಕಿದ ಕಡ್ಲಿ ಉಬ್ಬಂಗಿಲ್ಲೇನು? ಮಣ್ಣು ಉಬ್ಬಿ ಆ ಹುಡುಗಿ ಮೊಣಕಾಲ ಕೂಸಿನ ಮೊಣಕಾಲ ಆಗ್ಯಾವ!"

ಮುತ್ಯಾ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡ. ಬಿರಿಯುವುದನ್ನು ಕಾಯುತ್ತ ಕಾಯುತ್ತ ಉಬ್ಬುವುದನ್ನು ಇಬ್ಬರು ಮುದುಕರೂ ಮರೆತಿದ್ದರು. ಕೈ ಸುಳ್ಳು ಹೇಳಿರಲಿಲ್ಲ. ಕೈಗೆ ಮಣ್ಣು ಸುಳ್ಳು ಹೇಳಿತ್ತು. ಮಣ್ಣಿಗೆ ಅದನ್ನು ಕಲಿಸಿದವನು ತಾನೇ.

"ಅದು ತಿದ್ದೂದು ನಿಮ್ಮ ಕೆಲಸ," ಎಂದಳು ತಸ್ಲೀಮ. "ಭಾರ ನಾ ತಗೀತೇನಿ."

"ನೀ?"

"ವಿಜಯಶ್ರೀ ಅಕ್ಕನ ಕೂಡ ಮಾತಾಡೀನ್ರಿ. ಅವ್ರ ಹಲಗಿ ಒಳಗ ಇರೂದು ಥರ್ಮಾಕೋಲ್‌ನೇ ಅಂತ. ಗಟ್ಟಿ ನಮೂನಿದು. ಮ್ಯಾಲ ಬಟ್ಟಿ ಹೊಚ್ಚಿ ಅಂಟು ಬಳೀತಾರ. ಅದನ್ನ ಅಲ್ಲಿ ದೋಣಿ ರಿಪೇರಿ ಮಾಡೋರೇ ಮಾಡ್ತಾರಂತ."

"ಅಂದ್ರ ನನ್ನ ಅಜ್ಜನ ಅಚ್ಚಿನ ಮ್ಯಾಲ ನಿನ್ನ ನವಿಲ ಕೂಡಸ್ತಿ?"

"ನವಿಲಿಗಿ ಜೇವರ್ಗಿತನಕ ಗಿರಾಕಿ ಅದಾರ. ನಿಮ್ಮ ಹಲಗಿಗಿ?" ಎಂದುಬಿಟ್ಟಳು. ಆಮೇಲೆ ದನಿ ತಗ್ಗಿಸಿದಳು. "ಕತ್ತರಸೂದು ನನಗ ಬರ್ತದ ಅಬ್ಬಾ. ಎಷ್ಟು ಕತ್ತರಸಬೇಕು ಅನ್ನೂದು ಬರಂಗಿಲ್ಲ."

ಮುತ್ಯಾ ಎದ್ದು ಹೊರಗೆ ಹೋದ. ಇಡೀ ದಿನ ಬೇವಿನ ನೆರಳಲ್ಲಿ ಕೂತ. ಮರವಿಲ್ಲದೆ, ಬಾಚಿಯಿಲ್ಲದೆ, ಅಗಸಿ ಎಣ್ಣೆಯ ವಾಸನೆಯಿಲ್ಲದೆ ಅದು ಹಲಗೆ ಹೇಗಾದೀತು? ಆದರೆ ಅವನ ಅಜ್ಜನ ಅಪ್ಪ ಹಾಲವಾಣ ಕಂಡವನಲ್ಲ. ಒಣ ಸೋರೆಬುರುಡೆಗಳ ಮೇಲೆ ಬಿದಿರು ಕಟ್ಟಿ ಕೂರುತ್ತಿದ್ದನಂತೆ. ಅಜ್ಜ ಮರ ತಂದಾಗ ಆ ಮುದುಕನೂ ಹೀಗೇ ಯಾವುದೋ ಗಿಡದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದನೋ ಏನೋ. ಬುರುಡೆ ಹೋಯಿತು, ಮರ ಬಂತು. ರೇವೆಮಣ್ಣು ಅವತ್ತೂ ಇತ್ತು, ಇವತ್ತೂ ಇದೆ. ಇನ್ನು ಉಳಿದದ್ದು ಗಿರಾಕಿಗಳ ಮಾತು. ಸಮುದ್ರದಲ್ಲಿ ಮೊಣಕಾಲೂರುವವರು ಬೆರಳೆಣಿಕೆ. ನಾಳೆ ಅವರೂ ಎದ್ದು ನಿಂತರೆ?

ಹೊಳೆ ಇಳಿದ ಮೇಲೆ ಒಂದು ಸಂಜೆ ಅವನೇ ಶೆಡ್ಡಿನ ಬಾಗಿಲಿಗೆ ಬಂದ.

"ನಡಿ, ಹೊಳಿಗಿ. ಹುಡುಗಿ ದೀಪಾವಳಿ ಸೂಟಿಗಿ ಬರ್ತಾಳ. ಅಕಿ ಬರೂದ್ರಾಗ ನೀ ಮಣ್ಣು ಓದೂದು ಕಲೀಬೇಕು."

ದಂಡೆಯ ರೇವೆ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಗುರುಶಾಂತ ಎಮ್ಮೆಯ ಮೈ ತಿಕ್ಕುತ್ತಿದ್ದ. ಕಲಿಯಲು ಒಂದು ಜೋಡಿ ಮೊಣಕಾಲು ಬೇಕು ಎಂದು ಮುತ್ಯಾ ಅವನನ್ನು ಕರೆದ.

"ಲಿಂಗಪೂಜಿಗೇ ನಾ ಚಕ್ಕಳಮಕ್ಕಳ ಕೂಡಾಂವ," ಎಂದ ಗುರುಶಾಂತ. "ನಿನ್ನ ಸೊಸಿ ಹಲಗಿಗಿ ಮೊಣಕಾಲ ಊರ್ತೇನೇನಲೇ? ನಿನ್ನವೇನಾಗ್ಯಾವ?"

ತಸ್ಲೀಮ ಬೇಡವೆಂದು ಕೈ ಮುಂದೆ ಮಾಡುವಷ್ಟರಲ್ಲಿ ಮುತ್ಯಾ ಲುಂಗಿ ಮೇಲೆತ್ತಿ ಕಟ್ಟಿದ್ದ. ಅವಳ ಹೆಗಲು ಹಿಡಿದು ಒಂದು ಕಾಲು ಬಗ್ಗಿಸಿದ, ಹಲ್ಲು ಕಚ್ಚಿದ, ಇನ್ನೊಂದು ಬಗ್ಗಿಸಿದ. ಮೊಣಕಾಲು ಮಣ್ಣು ಮುಟ್ಟಿದವು. ಮಣ್ಣು ತಣ್ಣಗಿತ್ತು, ಮೆತ್ತಗಿತ್ತು. ಭಾರವನ್ನೆಲ್ಲ ತಾನೇ ತೆಗೆದುಕೊಂಡಿತು. ನಿಧಾನ ಹಿಮ್ಮಡಿಯ ಮೇಲೆ ಕೂತ. ಡಾಕ್ಟರು ಬೇಡವೆಂದ ಮೇಲೆ ನೆಲ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಹೊಳೆ ಮುಖದ ಮುಂದೆಯೇ ಹರಿಯುತ್ತಿತ್ತು. ಆ ಹುಡುಗಿ ಹೇಳಿದ್ದು ಇದೇ ಇರಬೇಕು ಅನ್ನಿಸಿತು. ಅವನ ತುಟಿ ಅಲುಗಿದವು. ಏನು ಹೇಳಿದನೋ ತಿಳಿಯದು; ಕನ್ನಡವಂತೂ ಆಗಿರಲಿಲ್ಲ.

ಬಹಳ ಹೊತ್ತಾದರೂ ಅವನು ಏಳದಿದ್ದಾಗ ಗುರುಶಾಂತ ಕೂಗಿದ, "ಸಿಕ್ಕೊಂಡೇನಲೇ?"

"ಹೂಂ. ಅದೂ ಆಗ್ಯದ," ಎಂದ ಮುತ್ಯಾ.

"ಎಮ್ಮಿಗಿ ಹಗ್ಗ ಕಟ್ಟಿ ಜಗ್ಗಲಾ?"

"ಜಗ್ಗು. ಗುರುತ ಮಾತ್ರ ಕೆಡಬಾರದು. ನಾ ಮುರದ್ರೂ ನಡೀತದ."

ಒಂದು ಕಡೆ ಗುರುಶಾಂತ, ಇನ್ನೊಂದು ಕಡೆ ತಸ್ಲೀಮ ಹಿಡಿದು ಅವನನ್ನು ಗಿಡ ಕಿತ್ತಂತೆ ಮೇಲೆತ್ತಿದರು. ಮಣ್ಣು ಚಪ್ ಎಂದು ಸದ್ದು ಮಾಡಿ ಬಿಟ್ಟುಕೊಟ್ಟಿತು. ಗುರುತು ಹಾಗೇ ಉಳಿದಿತ್ತು.

ತಸ್ಲೀಮ ಬಗ್ಗಿ ನೋಡಿದಳು. "ಎಡಕ್ಕ ಆಳ ಅದರಿ."

"ಅದು ಎಮ್ಮಿಗೂ ಕಾಣ್ತದ. ಕಣ್ಣ ಮುಚ್ಚು. ಕೈ ಇಡು."

ಅವಳು ಅಂಗೈ ಇಟ್ಟು ಕಣ್ಣು ಮುಚ್ಚಿದಳು. ಬೆರಳುಗಳು ಗುಂಡಿಯ ತಳದಲ್ಲಿ ಮೆಲ್ಲಗೆ ಸರಿದವು, ನಿಂತವು, ಮತ್ತೆ ಸರಿದವು. ಕಾದ ತಂತಿಯನ್ನು ಅದುರದಂತೆ ಹಿಡಿದು ಪಳಗಿದ ಕೈ ಅದು. ಮುತ್ಯಾ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಬಲಗಡಿದು ಹೊರಗ ಜಾರ್ಯದ," ಎಂದಳು ಕಣ್ಣು ತೆರೆಯದೆ. "ನೋವ ತಪ್ಪಸಾಕ ನೀವು ಎಡಕ್ಕ ವಾಲ್ತೀರಿ. ನೀವು ತೋರಸೂವಷ್ಟಲ್ಲ, ಅದಕ್ಕೂ ಜಾಸ್ತಿ ನೋವದ ನಿಮಗ. ಯಾರಿಗೂ ಹೇಳಿಲ್ಲ ನೀವು."

ಗುರುಶಾಂತ ಎಮ್ಮೆಯ ಕಡೆ ತಿರುಗಿದ. ಮುತ್ಯಾ ಹೊಳೆಯ ಕಡೆ ನೋಡಿದ.

"ಹಲಗಿ ಯಾವ ಕಡಿ ತಿರಗ್ತದ?" ಎಂದು ಕೇಳಿದ ಕಡೆಗೆ.

"ಎಡಕ್ಕ. ಎಡಗಡಿ ಗುಂಡಿ ಆಳ ಕಮ್ಮಿ ಮಾಡಬೇಕು. ಬಲಗಡಿದಕ್ಕ ಹೊರಗಿನ ಅಂಚ ಎತ್ತರ ಬೇಕು."

"ಎಷ್ಟು?"

ಅವಳು ತನ್ನ ಕಿರುಬೆರಳ ತುದಿ ತೋರಿಸಿದಳು. ಮುತ್ಯಾ ಅದನ್ನು ನೋಡಿದ, ಬಗ್ಗಲಾರದೆ ಬಗ್ಗಿ ಗುರುತನ್ನು ನೋಡಿದ. "ಒಂದು ಎಳಿ ಕಮ್ಮಿ," ಎಂದ. ತಸ್ಲೀಮ ಮತ್ತೆ ಕೈಯಿಟ್ಟು ನೋಡಿ ಹೌದೆಂದು ತಲೆಯಾಡಿಸಿದಳು.

ಮನೆಗೆ ಬಂದಾಗ ಮುತ್ಯಾ ತೊಡೆಯ ತನಕ ಕೆಸರು. ಕುಲಸುಮಬಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಏನಾಯಿತೆಂದು ಕೇಳಿದರೆ ಮೊಸಳೆ ಜಗ್ಗಿತು ಎಂದ ಮುತ್ಯಾ. ಸುಳ್ಳು ವಾಪಸು ಬಂದದ್ದು ಕೇಳಿ ಅವಳಿಗೆ ಜೀವ ಬಂದಂತಾಯಿತು; ಆದರೆ ಹಾಗೆಂದು ಒಪ್ಪಿಕೊಳ್ಳುವ ಪೈಕಿಯಲ್ಲ ಅವಳು. ಬಚ್ಚಲಿಗೆ ಹೋಗಿ ಒಲೆ ಊದಿದಳು. ತೊಗರಿ ಕಟ್ಟಿಗೆ ಚಟಚಟ ಸಿಡಿದು ಸೋತಿತು.

"ಆಫ್ತಾಬನ ಅಬ್ಬಾ," ಎಂದು ಒಳಗಿಂದಲೇ ಕೂಗಿದಳು. "ಬೆಂಕಿ ಆರಾಕತ್ತದ. ಈ ಅಚ್ಚು ಹಾಕ್ಲಾ ಬ್ಯಾಡಾ?"

ಮುತ್ಯಾ ಹೊರಸಿನ ಮೇಲೆ ಕೂತು ಮೊಣಕಾಲಿನ ಕೆಸರು ಒಣಗುವುದನ್ನು ನೋಡುತ್ತಿದ್ದ. ಶೆಡ್ಡಿನಲ್ಲಿ ದೀಪ ಹೊತ್ತಿತ್ತು.

"ನನ್ನ ಯಾಕ ಕೇಳ್ತಿ?" ಎಂದ. "ತಸ್ಲೀಮನ್ನ ಕೇಳು. ಅದು ಅಕಿದು."